ಸಹಿ ಹಾಕುವ ಮುಂಚೆ ದೇವರನ್ನು ಕೇಳುವುದು ಹೇಗೆ?

ಪ್ರಶ್ನೆ: ಭಾಮೈದ ಊರಲ್ಲಿ ಆಲೆಮನೆ ಹಾಕುತ್ತಾನಂತೆ. ಬ್ಯಾಂಕಿನಲ್ಲಿ 12 ಲಕ್ಷ ಸಾಲ, ಐದು ವರ್ಷದ ಕಂತು. ‘ಶ್ಯೂರಿಟಿ ಹಾಕಿ ಭಾವ’ ಅಂತ ಕೂತಿದ್ದಾನೆ. ನನಗಿರುವುದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಲ್ಲಿ ಎರಡೇ ಎಕರೆ. ದಿನಾ ಪ್ರಾರ್ಥಿಸಿದರೂ ದೇವರಿಂದ ಉತ್ತರವಿಲ್ಲ. ಸೋಮವಾರ ಸಹಿ ಹಾಕಬೇಕು.
– ಪಾಂಡವಪುರದ ಓದುಗರು

ಉತ್ತರ: ಜಾಮೀನಿನ ಬಗ್ಗೆ ಉತ್ತರ ಆಗಲೇ ಬರೆದಿಟ್ಟಿದೆ. ಬೈಬಲಿನ ಜ್ಞಾನೋಕ್ತಿ 6ರ ಮೊದಲ ಐದು ವಚನ, 22ರ 26 ಮತ್ತು 27ನೇ ವಚನವನ್ನು ಇವತ್ತೇ ಹೆಂಡತಿಯ ಜೊತೆ ಕೂತು ಓದಿ. ತೀರಿಸಲು ಗತಿಯಿಲ್ಲದವನು ಹೊಣೆ ನಿಂತರೆ ಮಲಗುವ ಹಾಸಿಗೆಯೂ ಹೋದೀತು ಎಂಬ ಎಚ್ಚರಿಕೆ ಅಲ್ಲಿದೆ. ನಮ್ಮ ಕಾನೂನೂ ಅದನ್ನೇ ಹೇಳುತ್ತದೆ. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಪತ್ರದಲ್ಲಿ ಬೇರೆ ರೀತಿ ಬರೆಯದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ. ಬ್ಯಾಂಕು ಮೊದಲು ಅವನನ್ನು ಹಿಡಿದು, ಆಗದಿದ್ದರೆ ಮಾತ್ರ ನಿಮ್ಮ ಹತ್ತಿರ ಬರಬೇಕೆಂಬ ನಿಯಮವಿಲ್ಲ. ‘ಸುಮ್ಮನೆ ಒಂದು ಸಹಿ’ ಎಂಬ ಮಾತನ್ನು ನಂಬಬೇಡಿ.

ಹಾಗಂತ ಹೊಣೆ ನಿಲ್ಲುವುದೇ ಪಾಪವಲ್ಲ. ಯೆಹೂದ ತನ್ನ ತಮ್ಮ ಬೆನ್ಯಾಮೀನನಿಗೆ ಹೊಣೆಯಾದ. ಹೊತ್ತು ಬಂದಾಗ ತಮ್ಮನ ಬದಲು ತಾನೇ ಗುಲಾಮನಾಗಿ ನಿಲ್ಲುತ್ತೇನೆಂದು ಮುಂದೆ ಬಂದ (ಆದಿಕಾಂಡ 43, 44). ಆದ್ದರಿಂದ ಪ್ರಾರ್ಥನೆಯ ಪ್ರಶ್ನೆಯನ್ನೇ ಬದಲಿಸಿ. ‘ಸಹಿ ಹಾಕಲೇ, ಬೇಡವೇ’ ಎನ್ನುವ ಬದಲು ‘ಇಷ್ಟೂ ದುಡ್ಡು ನಾನೇ ಕಟ್ಟಬೇಕಾದರೆ ಕಟ್ಟುತ್ತೇನೆಯೇ’ ಎಂದು ಕೇಳಿಕೊಳ್ಳಿ. ಶೇ. 12ರ ಬಡ್ಡಿ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 26,700 ರೂಪಾಯಿ. 60 ಕಂತಿಗೆ ಒಟ್ಟು 16 ಲಕ್ಷ. ಎರಡು ಎಕರೆ ಕಬ್ಬಿನಲ್ಲಿ ಅದು ಹುಟ್ಟುತ್ತದೆಯೇ ಎಂದು ನಿಮಗೇ ಗೊತ್ತು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುತ್ತಾನೆಂದು ಯೇಸು ಹೇಳಿದ್ದು (ಲೂಕ 14) ಇಂಥ ಲೆಕ್ಕವನ್ನೇ. ಲೆಕ್ಕ ಹಾಕಿದರೆ ನಂಬಿಕೆ ಕಡಿಮೆಯಾದಂತೆ ಎಂದು ಅನೇಕರು ಹೆದರುತ್ತಾರೆ, ದಯವಿಟ್ಟು ಹೆದರಬೇಡಿ.

ಭಾಮೈದನ ಮಾತು ಮಾತ್ರ ಕೇಳಿದ್ದೀರಿ. ಮೊದಲು ವಾದಿಸಿದವನದೇ ನ್ಯಾಯವೆಂದು ಕಾಣುತ್ತದೆ, ಇನ್ನೊಬ್ಬ ಬಂದು ಪರೀಕ್ಷಿಸುವ ತನಕ (ಜ್ಞಾನೋಕ್ತಿ 18:17). ಅವನ ಜಮೀನಿನ ಪಹಣಿ ತೆಗೆಸಿ 11ನೇ ಕಾಲಂ ನೋಡಿ, ಹಳೆ ಸಾಲ ಇದ್ದರೆ ಅಲ್ಲಿ ನಮೂದಾಗಿರಬೇಕು. ಸೊಸೈಟಿಯಲ್ಲಿ, ಕೈಸಾಲದಲ್ಲಿ ಎಷ್ಟಿದೆಯೆಂದು ಅವನ ಬಾಯಿಂದಲೇ ಕೇಳಿ. ಆಲೆಮನೆ ನಡೆಸಿ ನಷ್ಟಪಟ್ಟವರೊಬ್ಬರನ್ನು, ಲಾಭ ಕಂಡವರೊಬ್ಬರನ್ನು ಮಾತಾಡಿಸಿ. ನಾಲೆಗೆ ನೀರು ಬಿಡದ ವರ್ಷ ಕಬ್ಬು ಎಲ್ಲಿಂದ ತಂದರು, ಆಳುಗಳಿಗೆ ಕೊಟ್ಟ ಮುಂಗಡ ವಾಪಸ್ ಬಂತೇ, ಬೆಲ್ಲದ ರೇಟು ಬಿದ್ದಾಗ ಕಂತು ಹೇಗೆ ಕಟ್ಟಿದರು ಎಂದು ಕೇಳಿ. ಸಲಹೆಗೆ ನಿಮ್ಮ ಮಾತಿಗೆ ತಲೆಯಾಡಿಸುವವರನ್ನೇ ಆರಿಸಬೇಡಿ. ಇಸ್ರಾಯೇಲಿನ ಅರಸ ರೆಹಬ್ಬಾಮ ಹಿರಿಯರ ಮಾತು ಬಿಟ್ಟು ಜೊತೆಯಲ್ಲಿ ಬೆಳೆದ ಗೆಳೆಯರ ಮಾತು ಹಿಡಿದು ಹತ್ತು ಕುಲ ಕಳೆದುಕೊಂಡ (1 ಅರಸುಗಳು 12). ಅವನೂ ಮೂರು ದಿನ ಸಮಯ ತೆಗೆದುಕೊಂಡಿದ್ದ, ಇಬ್ಬರ ಸಲಹೆಯನ್ನೂ ಕೇಳಿದ್ದ. ಕೊನೆಗೆ ತನ್ನ ಗರ್ವಕ್ಕೆ ಹೊಂದುವುದನ್ನು ಆರಿಸಿಕೊಂಡ.

ಸೋಮವಾರದ ಗಡುವು ಬ್ಯಾಂಕಿನದೇ, ಭಾಮೈದನದೇ? ಆತುರಗಾರನಿಗೆ ಬುದ್ಧಿ ಮಟ್ಟ. ಎರಡು ವಾರ ಕಾಯಲಾರದ ವ್ಯವಹಾರ ಐದು ವರ್ಷ ನಡೆದೀತೆಂದು ನಮಗೆ ನಂಬಿಕೆಯಿಲ್ಲ. ದಾಕ್ಷಿಣ್ಯ ಬಿಡದಿದ್ದರೆ, ಹೊಣೆಯನ್ನು ಇಂತಿಷ್ಟು ಲಕ್ಷಕ್ಕೆ ಮಾತ್ರ ಮಿತಿಗೊಳಿಸಿ ಪತ್ರ ಬರೆಯಿರೆಂದು ಬ್ಯಾಂಕನ್ನು ಕೇಳಿ. ಖಾಲಿ ಜಾಗವಿರುವ ಫಾರಂಗೆ ಸಹಿ ಬೇಡ. ಅಥವಾ ಕಳೆದುಕೊಂಡರೂ ಸಂಸಾರ ತಡೆದುಕೊಳ್ಳುವಷ್ಟು ದುಡ್ಡನ್ನು ಉಡುಗೊರೆಯೆಂದೇ ಅವನ ಕೈಗೆ ಕೊಡಿ. ನಮ್ಮ ಮಟ್ಟಿಗೆ ಉಡುಗೊರೆ ಕೊಡುವುದೇ ಲೇಸು.

ಪ್ರಶ್ನೆ: ಕಣ್ಣುಮುಚ್ಚಿ ಬೈಬಲ್ ತೆರೆದು, ಬೆರಳಿಟ್ಟ ವಚನವನ್ನು ದೇವರ ಚಿತ್ತವೆಂದು ತಿಳಿಯಬಹುದೇ? ಮಗಳ ಮದುವೆ ಗೊತ್ತು ಮಾಡಬೇಕಿದೆ.
– ಮೈಸೂರಿನ ಓದುಗರು

ಉತ್ತರ: ಬೇಡಿ. ಇಸ್ರಾಯೇಲಿನ ನಾಯಕ ಗಿದ್ಯೋನ ಉಣ್ಣೆಯನ್ನು ಕಣದಲ್ಲಿ ಹಾಸಿ ಗುರುತು ಕೇಳಿದ್ದು ನಿಜ, ಆದರೆ ಏನು ಮಾಡಬೇಕೆಂದು ದೇವರು ಅವನಿಗೆ ಮೊದಲೇ ತಿಳಿಸಿದ್ದರು. ಯೂದನ ಸ್ಥಾನಕ್ಕೆ ಮತ್ತೀಯನನ್ನು ಚೀಟು ಹಾಕಿ ಆರಿಸಿದಾಗಲೂ ಅಪೊಸ್ತಲರು ಮೊದಲು ಅರ್ಹತೆ ಗೊತ್ತು ಮಾಡಿ, ಇಬ್ಬರನ್ನು ನಿಲ್ಲಿಸಿ, ಪ್ರಾರ್ಥಿಸಿದ ಮೇಲೆಯೇ ಚೀಟು ಹಾಕಿದರು (ಅಪೊಸ್ತಲರ ಕೃತ್ಯಗಳು 1). ಹುಡುಗನ ಕುಡಿತ, ಸಾಲ, ಸಿಟ್ಟು ವಿಚಾರಿಸುವ ಕೆಲಸವನ್ನು ಬೆರಳು ಮಾಡಲಾರದು. ಅವನು ಕೆಲಸ ಮಾಡುವ ಕಡೆ, ಬಾಡಿಗೆಗಿದ್ದ ಮನೆಯವರ ಹತ್ತಿರ, ಅವರ ಸಭೆಯ ಹಿರಿಯರಲ್ಲಿ ಬೇರೆಬೇರೆಯಾಗಿ ವಿಚಾರಿಸಿ. ಮಗಳನ್ನು ಒಬ್ಬಳೇ ಇರುವಾಗ ಕೇಳಿ. ಮೇಲಿನಿಂದ ಬಂದ ಜ್ಞಾನ ಶುದ್ಧವೂ ಸಮಾಧಾನಕರವೂ ಆಗಿರುತ್ತದೆ, ಇನ್ನೊಬ್ಬರ ಮಾತಿಗೆ ಕಿವಿಗೊಡುತ್ತದೆ (ಯಾಕೋಬ 3:17). ವಿಚಾರಿಸಬೇಡಿ ಎಂದು ಒತ್ತಾಯಿಸುವ ಸಂಬಂಧ ಎಷ್ಟು ಶ್ರೀಮಂತವಾಗಿದ್ದರೂ ಬಿಟ್ಟುಬಿಡಿ.

ಪ್ರಶ್ನೆ: ಗೆಳೆಯನ ಅಂಗಡಿಯ ಓವರ್‌ಡ್ರಾಫ್ಟಿಗೆ ಮಗ ನಮ್ಮನ್ನು ಕೇಳದೆ ಜಾಮೀನು ಹಾಕಿಬಿಟ್ಟಿದ್ದಾನೆ. ಈಗೇನು?
– ಮದ್ದೂರಿನ ತಾಯಿಯೊಬ್ಬರು

ಉತ್ತರ: ತಾಯಿ, ಬೈಯುತ್ತಾ ದಿನ ಕಳೆಯಬೇಡಿ. ಸಿಕ್ಕಿಬಿದ್ದವನು ನಿದ್ದೆಗೆಟ್ಟಾದರೂ ಹೋಗಿ, ತಗ್ಗಿ ಬೇಡಿಕೊಳ್ಳಲಿ ಎಂದೇ ಜ್ಞಾನೋಕ್ತಿ 6 ಹೇಳುತ್ತದೆ. ಮಗ ಮೊದಲು ಗೆಳೆಯನನ್ನು ಕಂಡು, ಬೇರೆ ಜಾಮೀನುದಾರನನ್ನು ಕೊಟ್ಟು ತನ್ನನ್ನು ಬಿಡಿಸೆಂದು ಕೇಳಲಿ. ಬ್ಯಾಂಕು ಒಪ್ಪಿ ಬರೆದುಕೊಟ್ಟರೆ ಮಾತ್ರ ಬಿಡುಗಡೆ. ಜಾಮೀನು ಪತ್ರದ ನಕಲು ಪಡೆಯಲಿ. ಅದು ಮುಂದುವರಿಯುವ ಜಾಮೀನಾಗಿದ್ದರೆ (ಒಂದೇ ಸಾಲಕ್ಕಲ್ಲ, ಒಂದಾದ ಮೇಲೊಂದು ನಡೆಯುವ ವ್ಯವಹಾರಗಳಿಗೂ ಅನ್ವಯಿಸುವ ಜಾಮೀನು), ಕರಾರು ಕಾಯ್ದೆಯ 130ನೇ ಕಲಂ ಪ್ರಕಾರ ಬ್ಯಾಂಕಿಗೆ ನೋಟಿಸು ಕೊಟ್ಟು ಮುಂದಿನ ವ್ಯವಹಾರಗಳ ಹೊಣೆಯಿಂದ ಹಿಂದೆ ಸರಿಯಬಹುದು. ಅದುವರೆಗಿನ ಬಾಕಿಯ ಹೊಣೆ ಉಳಿಯುತ್ತದೆ. ಆ ಹಕ್ಕನ್ನು ಪತ್ರದಲ್ಲೇ ಬಿಟ್ಟುಕೊಟ್ಟಿದ್ದಾನೆಯೇ ಎಂದು ವಕೀಲರಿಂದ ಓದಿಸಿ. ನೋಟಿಸನ್ನು ಸ್ವೀಕೃತಿ ಸಿಗುವಂತೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಸ್ವೀಕೃತಿ ಚೀಟಿಯನ್ನು ಪತ್ರದ ನಕಲಿನ ಜೊತೆ ಇಟ್ಟುಕೊಳ್ಳಿ.