ಆಮೆನ್ ಆದ ಮೇಲೆ ಹರಾಜು

ಚಿತ್ರದುರ್ಗದ ಓದುಗರೊಬ್ಬರು ಬರೆದ ಪತ್ರದ ಸಾರ ಇದು: "ನಮ್ಮ ಸಭೆಯಲ್ಲಿ ಪ್ರತಿ ಭಾನುವಾರ 'ಪರದೇಶಗಳಲ್ಲಿ ಹಿಂಸೆ ಪಡುತ್ತಿರುವ ಕ್ರೈಸ್ತರಿಗಾಗಿ' ಎಂದು ಒಂದೇ ಸಾಲಿನಲ್ಲಿ ಪ್ರಾರ್ಥನೆ ಮುಗಿಸುತ್ತಾರೆ. ಆಮೆನ್ ಆಯಿತೋ ಇಲ್ಲವೋ, ಸುಗ್ಗಿ ಹಬ್ಬದ ಹರಾಜಿನ ಪ್ರಕಟಣೆ ಶುರು. ನನಗೆ ನಾಚಿಕೆಯಾಗುತ್ತದೆ. ಅವರಿಗೆ ನಾವು ಹಣ ಕಳಿಸಬಹುದೇ? ಇನ್ನೊಂದು ಮಾತು. ಈಸ್ಟರ್ ಸಂಚಿಕೆಗೆ ನೀವು ಹಿಮ ಕರಗಿ ಹೂ ಅರಳುವ ಚಿತ್ರ ಹಾಕುತ್ತೀರಿ. ಇಲ್ಲಿ ಆಗ ತಲೆ ಸುಡುವ ಬಿಸಿಲು. ನಾವು ಕಾಯಬೇಕಾದ ವಸಂತ ಯಾವುದು?"

ಪ್ರಿಯ ಸಹೋದರಿ, ಕರ್ತನಲ್ಲಿ ವಂದನೆಗಳು.

ಚಿತ್ರದ ವಿಷಯ ಮೊದಲು. ಈ ಸಲ ಮುಖಪುಟಕ್ಕೆ ಚಿಗುರಿದ ಹೊಂಗೆ ಮರ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಭಾನುವಾರವೇ ಈಸ್ಟರ್. ಅದು ಸಾಮಾನ್ಯವಾಗಿ ನಮ್ಮ ದವನದ ಹುಣ್ಣಿಮೆಯೇ ಆಗಿರುತ್ತದೆ. 2023ರಲ್ಲೂ 2025ರಲ್ಲೂ ಹಾಗೇ ಆಯಿತು. 2024ರಲ್ಲಿ ಮಾತ್ರ ಹೋಳಿ ಹುಣ್ಣಿಮೆ ಆದ ಭಾನುವಾರ ಬಂತು. ಯುಗಾದಿಯ ಬೇವಿನ ಹೂವು ನೋಡಿದವರಿಗೆ ವಸಂತ ಬೇರೆ ಕಡೆಯಿಂದ ಬರಬೇಕಾಗಿಲ್ಲ, ಅಲ್ವಾ? ಆಸ್ಟ್ರೇಲಿಯಾದಲ್ಲಂತೂ ಈಸ್ಟರ್ ಎಲೆ ಉದುರುವ ಕಾಲಕ್ಕೆ ಬರುತ್ತದೆ. ಅವರ ಹಬ್ಬಕ್ಕೇನೂ ಕೊರತೆಯಾಗಿಲ್ಲ. ಇನ್ನು ಕಾಯುವುದು ಹೇಗೆಂದು ನಿಮ್ಮ ಜಿಲ್ಲೆಯವರಿಗೆ ನಾನೇನು ಹೇಳಲಿ? ಮಾರಿಕಣಿವೆ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ.

ನಿಮ್ಮ ನಾಚಿಕೆಯ ಮಾತಿಗೆ ಬರುತ್ತೇನೆ. ಹರಾಜಿನ ಪ್ರಕಟಣೆ ಅಲ್ಲೇ ಇರಲಿ ಅನ್ನುತ್ತೇನೆ ನಾನು. ಬಾಳೆಗೊನೆ, ಕುಂಬಳಕಾಯಿ, ಕೋಳಿಮರಿ ಕೂಗಿ ಮಾರುವುದು ಭಕ್ತಿಗೆ ಕಡಿಮೆಯಾದ ಕೆಲಸವಲ್ಲ. ನೀವು ಯಾರಿಗಾಗಿ ಪ್ರಾರ್ಥಿಸುತ್ತೀರೋ ಅವರೂ ಇಂಥ ಬದುಕಿನ ನಡುವೆಯೇ ಸಿಕ್ಕಿಬಿದ್ದವರು.

2015ರ ಫೆಬ್ರುವರಿಯಲ್ಲಿ ಲಿಬಿಯಾದ ಸಮುದ್ರದ ದಡದಲ್ಲಿ ಐಸಿಸ್ ಉಗ್ರರು 21 ಮಂದಿಯ ತಲೆ ಕಡಿದರು. ಇಪ್ಪತ್ತು ಮಂದಿ ಈಜಿಪ್ಟಿನ ಪುರಾತನ ಸಭೆಯಾದ ಕಾಪ್ಟಿಕ್ ಸಭೆಯ ಕ್ರೈಸ್ತರು, ಒಬ್ಬ ಘಾನಾ ದೇಶದವನು. ಇವರು ಬೋಧಕರಲ್ಲ, ಮಿಷನರಿಗಳೂ ಅಲ್ಲ. ಈಜಿಪ್ಟಿನ ಮಿನ್ಯಾ ಪ್ರಾಂತ್ಯದ ಬಡ ಹಳ್ಳಿಗಳಿಂದ ಕೂಲಿಗೆ ಹೋದವರೇ ಜಾಸ್ತಿ. ನಾಲ್ಕು ಕಾಸು ಮನೆಗೆ ಕಳಿಸೋಣ ಅಂತ ಗಡಿ ದಾಟಿದ್ದರು. ಜಗಳೂರು, ಮೊಳಕಾಲ್ಮೂರು ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗುವ ಹುಡುಗರು ನಮ್ಮ ಸಭೆಗಳಲ್ಲೂ ಇದ್ದಾರೆ. ಅವರ ತಾಯಂದಿರಿಗೆ ಈ ಸುದ್ದಿಯನ್ನು ವಿವರಿಸಿ ಹೇಳಬೇಕಾಗಿಲ್ಲ. 2023ರಲ್ಲಿ ಪೋಪ್ ಫ್ರಾನ್ಸಿಸ್ ಈ 21 ಮಂದಿಯ ಹೆಸರನ್ನೂ ರೋಮನ್ ಕಥೋಲಿಕರ ಹುತಾತ್ಮರ ಪಟ್ಟಿಗೆ ಸೇರಿಸಿದರು. ಅವರು ಕಥೋಲಿಕರೇ ಅಲ್ಲ, ಆದರೂ ಸೇರಿಸಿದರು. ನಮ್ಮಲ್ಲಿ ಎರಡು ಸಭೆಗಳು ಸೇರಿ ಒಂದು ಕ್ರಿಸ್ಮಸ್ ಕಾರ್ಯಕ್ರಮ ಮಾಡುವುದಕ್ಕೇ ಎಷ್ಟು ಮೀಟಿಂಗ್ ಬೇಕು ನಿಮಗೆ ಗೊತ್ತು.

ಪಾಕಿಸ್ತಾನದ ಕ್ರೈಸ್ತ ಹೆಂಗಸು ಆಸಿಯಾ ಬೀಬಿಯ ಕಥೆ ಇನ್ನೂ ಹತ್ತಿರದ್ದು. 2009ರಲ್ಲಿ ಆಕೆ ಹೊಲದಲ್ಲಿ ಕೂಲಿಗೆ ಫಾಲ್ಸಾ ಹಣ್ಣು ಬಿಡಿಸುತ್ತಿದ್ದಳು. ಜೊತೆಯವರಿಗೆ ನೀರು ತಂದಳು. ನೀನು ಮುಟ್ಟಿದ ಲೋಟದಲ್ಲಿ ನಾವು ಕುಡಿಯುವುದಿಲ್ಲ ಅಂದರು. ಮಾತಿಗೆ ಮಾತು ಬೆಳೆಯಿತು, ದೇವದೂಷಣೆಯ ದೂರು ಬಿತ್ತು, 2010ರಲ್ಲಿ ಮರಣದಂಡನೆಯ ತೀರ್ಪು ಬಂತು. ಸುಪ್ರೀಂ ಕೋರ್ಟ್ ಬಿಡುಗಡೆಗೆ ಆದೇಶ ಕೊಟ್ಟಿದ್ದು 2018ರ ಅಕ್ಟೋಬರ್‌ನಲ್ಲಿ. (ಲೋಟದ ಜಗಳ ನಮಗೂ ಹೊಸದಲ್ಲ. ನಮ್ಮ ಅಜ್ಜಂದಿರಲ್ಲಿ ಎಷ್ಟೋ ಮಂದಿ ಸಭೆಗೆ ಬಂದಿದ್ದೇ ಅಂಥ ಲೋಟದ ದೆಸೆಯಿಂದ. ಅದನ್ನು ಬೇಗ ಮರೆತಿದ್ದೇವೆ.)

ಅದೇ ಕಥೆಯಲ್ಲಿ ಇನ್ನೊಬ್ಬರಿದ್ದಾರೆ. ಪಂಜಾಬಿನ ಗವರ್ನರ್ ಸಲ್ಮಾನ್ ತಾಸೀರ್, ಮುಸ್ಲಿಮರು. ಜೈಲಿಗೆ ಹೋಗಿ ಆಕೆಯನ್ನು ಕಂಡರು, ಆಕೆಯ ಪರವಾಗಿ ಮಾತಾಡಿದರು. ಅದಕ್ಕೇ 2011ರ ಜನವರಿಯಲ್ಲಿ ಅವರ ಅಂಗರಕ್ಷಕನೇ ಅವರನ್ನು ಗುಂಡಿಟ್ಟು ಕೊಂದ. ಎರಡು ತಿಂಗಳಲ್ಲಿ ಕ್ರೈಸ್ತ ಮಂತ್ರಿ ಶಹಬಾಜ್ ಭಟ್ಟಿಯವರನ್ನೂ ಕೊಂದರು. ಆಸಿಯಾಗಾಗಿ ಪ್ರಾರ್ಥಿಸುವವರು ತಾಸೀರ್ ಹೆಸರು ಬಿಟ್ಟರೆ ಪ್ರಾರ್ಥನೆ ಅರ್ಧವೇ ಆದೀತು. ಪಕ್ಕದ ಮನೆಯ ಮುಸ್ಲಿಂ ಕುಟುಂಬದ ಮೇಲೆ ಹಲ್ಲು ಕಡಿಯಲಿಕ್ಕೆ ಲಿಬಿಯಾದವರ ರಕ್ತ ಬಳಸುವ ಮಾತುಗಳನ್ನು ನಾನು ದಾವಣಗೆರೆಯಲ್ಲಿ ಕೇಳಿದ್ದೇನೆ. ಅಂಥ ಬರಹ ಬಂದರೆ ಈ ಪತ್ರಿಕೆ ಹಾಕುವುದಿಲ್ಲ, ಎಷ್ಟೇ ಭಕ್ತಿಯಿಂದ ಬರೆದಿರಲಿ.

ಹಾಗಾದರೆ ಒಂದು ಸಾಲು ಸಾಕೇ ಅಂದರೆ, ಸಾಲದು. ಆದರೆ ಉದ್ದ ಮಾಡುವುದರಿಂದ ಪ್ರಯೋಜನವಿಲ್ಲ. ಒಂದು ವಾರಕ್ಕೆ ಒಂದು ಊರು, ಒಂದು ಹೆಸರು ಹೇಳಿ. ಸೆರೆಯಲ್ಲಿರುವವರ ಜೊತೆ ನೀವೂ ಸೆರೆಯಲ್ಲಿದ್ದೀರಿ ಅನ್ನುವ ಹಾಗೆ ಅವರನ್ನು ನೆನೆಯಿರಿ ಎಂದು ಇಬ್ರಿಯರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯದಲ್ಲಿದೆ. 'ಪರದೇಶ' ಅಂದರೆ ಯಾರು ನೆನಪಾಗುತ್ತಾರೆ? ನೈಜೀರಿಯಾದ ಚಿಬೋಕ್ ಎಂಬ ಊರಿನ ಶಾಲೆಯಿಂದ 2014ರಲ್ಲಿ 276 ಹುಡುಗಿಯರನ್ನು ಹೊತ್ತೊಯ್ದರು, ಎಲ್ಲರೂ ಮನೆಗೆ ಬಂದಿಲ್ಲ ಅಂದರೆ ಸಂಡೇ ಸ್ಕೂಲಿನ ಮಕ್ಕಳೂ ತಲೆ ಎತ್ತುತ್ತಾರೆ. ಮುಂದಿನ ಸಂಚಿಕೆಯಿಂದ ಕೊನೆಯ ಪುಟದಲ್ಲಿ ವಾರಕ್ಕೊಂದು ಹೆಸರು ಕೊಡುತ್ತೇವೆ. ವಾಟ್ಸಾಪಿನಲ್ಲಿ ಬಂದದ್ದನ್ನು ಮಾತ್ರ ಓದಬೇಡಿ. ಅಫ್ಘಾನಿಸ್ತಾನದಲ್ಲಿ ಮಿಷನರಿಗಳಿಗೆ ಮರಣದಂಡನೆ, ತುರ್ತಾಗಿ ಪ್ರಾರ್ಥಿಸಿ ಅನ್ನುವ ಸುಳ್ಳು ಸಂದೇಶ ಹತ್ತು ವರ್ಷಕ್ಕೂ ಮೇಲಿಂದ ಸುತ್ತುತ್ತಿದೆ. ನಿಜವಾದ ಸಂಕಟ ಇಷ್ಟಿರುವಾಗ ಸುಳ್ಳು ಯಾಕೆ ಬೇಕು?

ಹಣದ ವಿಷಯ. ಯಾರೋ ಕಳಿಸಿದ ಕ್ಯೂಆರ್ ಕೋಡಿಗೆ ದಯವಿಟ್ಟು ಹಾಕಬೇಡಿ. ಸ್ತ್ರೀಯರ ಸಂಘದಲ್ಲಿ ಕೂಡಿಸಿದರೆ ಸಭೆಯ ಪಾಸ್ಟರ್ ಅಯ್ಯನವರ ಹತ್ತಿರ ಮಾತಾಡಿ, ಡಯಾಸಿಸ್ (ಬಿಷಪ್ಪರ) ಕಚೇರಿಯನ್ನು ಕೇಳಿ. ಹೊರದೇಶಕ್ಕೆ ಹೇಗೆ ಕಳಿಸಬೇಕು, ಕಳಿಸಲು ಆಗುತ್ತದೋ ಇಲ್ಲವೋ ಅಂತ ಅವರೇ ಹೇಳುತ್ತಾರೆ. ಕೊಟ್ಟ ಮೇಲೆ ರಸೀದಿ ಇಸ್ಕೊಂಡು, ಲೆಕ್ಕವನ್ನು ಸಭೆಯಲ್ಲಿ ಓದಿಸಿ.

— ಸಂಪಾದಕ