ನೆಟ್ ಇಲ್ಲದ ಕಂಪ್ಯೂಟರ್‌ಗೆ ಸೋರ್ಸ್ ತಂದ ಮೇಲೂ ಹ್ಯಾಶ್ ನೋಡಬೇಕಾ?

ನೆಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಬಿಲ್ಡ್‌ರೂಟ್ (ಸಣ್ಣ ಬೋರ್ಡ್‌ಗಳಿಗೆ ಲಿನಕ್ಸ್ ಸಿಸ್ಟಂ ಕಟ್ಟಿಕೊಡುವ ಟೂಲ್) ಬಿಲ್ಡ್ ಮಾಡಬೇಕು, ಪೆನ್‌ಡ್ರೈವ್‌ನಲ್ಲಿ ಸೋರ್ಸ್ ತಂದರೆ ಸಾಕಾ, ಹ್ಯಾಶ್ ಕೂಡ ನೋಡಬೇಕಾ ಅಂತ ಕೇಳಿದ್ದೀರಿ. ಖಂಡಿತ ನೋಡಬೇಕು. ಹ್ಯಾಶ್ ಅಂದರೆ ಫೈಲಿನಲ್ಲಿರುವುದನ್ನೇ ಲೆಕ್ಕ ಹಾಕಿ ತೆಗೆದ ಗುರುತು, ಫೈಲ್ ಸ್ವಲ್ಪ ಬದಲಾದರೂ ಅದು ಬದಲಾಗುತ್ತದೆ.

ನಾನು ವಸಂತನರಸಾಪುರದಲ್ಲಿ ಕಂಟ್ರೋಲರ್ ಬೋರ್ಡ್ ಮಾಡುವ ಸಣ್ಣ ಯೂನಿಟ್‌ನಲ್ಲಿದ್ದೇನೆ. ನಮ್ಮ ಬಿಲ್ಡ್ ಮಷೀನ್‌ಗೆ ನೆಟ್ ಕೊಟ್ಟಿಲ್ಲ. ನೆಟ್ ಇರುವ ಕಂಪ್ಯೂಟರ್ ಇರೋದು ತುಮಕೂರು ಪೇಟೆಯ ಆಫೀಸಿನಲ್ಲಿ. ಒಂದು ಫೈಲ್ ಬಿಟ್ಟುಹೋದರೂ ಮತ್ತೆ ಅಲ್ಲಿಗೆ ಹೋಗಬೇಕು.

ತರುವುದು ಕಷ್ಟವಲ್ಲ. ನೆಟ್ ಇರುವ ಕಡೆ ಅದೇ ವರ್ಷನ್‌ನ ಬಿಲ್ಡ್‌ರೂಟ್, ಅದೇ ಕಾನ್ಫಿಗ್ ಇಟ್ಟು ‘ಮೇಕ್ ಸೋರ್ಸ್’ ಕೊಡಿ. ಬೇಕಾದ ಆರ್ಕೈವ್‌ಗಳೆಲ್ಲ ‘ಡಿಎಲ್’ ಫೋಲ್ಡರ್‌ಗೆ ಬರುತ್ತವೆ. ಅದನ್ನು ಪೂರ್ತಿ ಕಾಪಿ ಮಾಡಿ ತನ್ನಿ.

ಜನ ಎಡವುವುದು ಇದಾದ ಮೇಲೆ. ಡಿಎಲ್‌ನಲ್ಲಿರುವ ಫೈಲ್‌ನ ಹ್ಯಾಶ್ ಬಿಲ್ಡ್‌ರೂಟ್‌ನಲ್ಲಿ ಬರೆದಿಟ್ಟ ಹ್ಯಾಶ್‌ಗೆ ಸರಿಹೋಗದಿದ್ದರೆ ಬಿಲ್ಡ್‌ರೂಟ್ ಆ ಫೈಲನ್ನು ಅಳಿಸಿ, ಮತ್ತೆ ಡೌನ್‌ಲೋಡ್ ಮಾಡಲು ಹೋಗುತ್ತದೆ. ನೆಟ್ ಇಲ್ಲವಲ್ಲ, ಕೊನೆಗೆ ಕಾಣುವುದು ನೆಟ್‌ವರ್ಕ್ ಎರರ್! ಫೈಲ್ ತಂದಿದ್ದೆನಲ್ಲ, ಎಲ್ಲಿ ಹೋಯಿತು ಅಂತ ತಲೆ ಕೆಡುತ್ತದೆ. ಲಾಗ್‌ನಲ್ಲಿ ಸ್ವಲ್ಪ ಮೇಲಕ್ಕೆ ಹೋಗಿ. ‘ರೀ-ಡೌನ್‌ಲೋಡಿಂಗ್’ ಅಂತ ಇದ್ದರೆ ಹ್ಯಾಶ್ ತಪ್ಪಿದೆ ಅಂತಲೇ ಅರ್ಥ. ಪೆನ್‌ಡ್ರೈವನ್ನು ಇಜೆಕ್ಟ್ ಮಾಡದೆ ಕಿತ್ತರೆ ಫೈಲ್ ಅರ್ಧಕ್ಕೇ ನಿಂತಿರಬಹುದು. ಆದ್ದರಿಂದ ಹ್ಯಾಶ್ ನೋಡಬೇಕಾದ್ದು ಕಾಪಿ ಮುಗಿದ ಮೇಲೆ, ಆಫ್‌ಲೈನ್ ಮಷೀನ್‌ನಲ್ಲಿ.

ನೀವೇ ಹೊಸ ಪ್ಯಾಕೇಜ್ ಸೇರಿಸುತ್ತಿದ್ದರೆ ಇನ್ನೊಂದು ಮಾತು. ಎಸ್‌ಎಚ್‌ಎ-256 ಹ್ಯಾಶ್ ಅಂದರೆ 64 ಅಕ್ಷರಗಳ ಸಾಲು. ಆ ಸಾಲು ನಿಮಗೆ ಎಲ್ಲಿಂದ ಸಿಕ್ಕಿತು ಅನ್ನೋದೇ ಮುಖ್ಯ. ಇಳಿಸಿಕೊಂಡ ಫೈಲಿನಿಂದಲೇ ಹ್ಯಾಶ್ ತೆಗೆದು ಬರೆದಿಟ್ಟರೆ ಕಾಪಿ ಸರಿಯಾಯಿತಾ ಅಂತ ಗೊತ್ತಾಗುತ್ತದೆ, ಫೈಲ್ ಅಸಲಿಯಾ ಅಂತ ಗೊತ್ತಾಗಲ್ಲ. ಅದಕ್ಕೆ ಜಿಪಿಜಿ ಸಹಿ, ಅಂದರೆ ಬಿಡುಗಡೆ ಮಾಡಿದವರು ಹಾಕಿದ ಡಿಜಿಟಲ್ ಸಹಿ, ನೋಡಬೇಕು. ಲಿನಕ್ಸ್ ಕರ್ನಲ್ ಆದರೆ ಸಹಿ ಇರುವುದು ಒಳಗಿನ ಟಾರ್ ಫೈಲಿಗೆ (ಸೋರ್ಸ್ ಫೈಲ್‌ಗಳನ್ನೆಲ್ಲ ಒಂದೇ ಕಟ್ಟು ಮಾಡಿದ್ದು). ಹಾಗಾಗಿ ಮೊದಲು ಎಕ್ಸ್‌ಝಡ್ (ಫೈಲ್ ಕುಗ್ಗಿಸುವ ಟೂಲ್) ಕುಗ್ಗಿಸಿದ್ದನ್ನು ಬಿಚ್ಚಿ, ಆಮೇಲೆ ಸಹಿ ನೋಡಿ.

ಸಹಿ ಸರಿಯಿದ್ದ ಮಾತ್ರಕ್ಕೆ ಒಳಗಿರುವುದೂ ಒಳ್ಳೆಯದೇ ಅಂತಲ್ಲ. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್‌ನ 5.6.0 ಮತ್ತು 5.6.1ರಲ್ಲಿ ಬ್ಯಾಕ್‌ಡೋರ್ (ಕದ್ದು ಒಳನುಗ್ಗಲು ಇಟ್ಟ ದಾರಿ) ಸಿಕ್ಕಿತಲ್ವಾ? ಅದನ್ನು ಇಟ್ಟವರು ಆ ಪ್ರಾಜೆಕ್ಟನ್ನು ನೋಡಿಕೊಳ್ಳುತ್ತಿದ್ದವರಲ್ಲೇ ಒಬ್ಬರು. ಅದನ್ನು ಬಿಲ್ಡ್‌ಗೆ ಸೇರಿಸುವ ತುಣುಕು ಬಿಡುಗಡೆಯ ಟಾರ್‌ನಲ್ಲಿತ್ತು, ಎಲ್ಲರೂ ನೋಡುವ ಗಿಟ್ ಸೋರ್ಸ್ ಸಂಗ್ರಹದಲ್ಲಿ ಇರಲಿಲ್ಲ. ಅಂಥ ಸುದ್ದಿ ಬಂದ ದಿನ ನಿಮ್ಮ ಬೋರ್ಡ್‌ನಲ್ಲಿ ಯಾವ ವರ್ಷನ್ ಇದೆ ಅಂತ ತಕ್ಷಣ ಹೇಳಲು ಆಗಬೇಕು. ಪ್ರತಿ ಬಿಡುಗಡೆಯ ಡಿಎಲ್ ಫೋಲ್ಡರ್ ತೆಗೆದಿಡಿ. ‘ಮೇಕ್ ಲೀಗಲ್-ಇನ್ಫೋ’ ಕೊಟ್ಟರೆ ಪ್ಯಾಕೇಜ್ ಮತ್ತು ವರ್ಷನ್‌ಗಳ ಪಟ್ಟಿಯೂ ಸಿಗುತ್ತದೆ, ಅದನ್ನೂ ಜೊತೆಗಿಡಿ.