ಪಿಯುಸಿ ಸೇರಿದ ಮೇಲೆ ಮಗ ಬೆಳಗ್ಗೆ ಏಳುತ್ತಲೇ ಇಲ್ಲ: ಪ್ರತಿಕ್ರಿಯೆ

ಹತ್ತನೇ ಕ್ಲಾಸಲ್ಲಿ 5 ಗಂಟೆಗೆ ಎದ್ದು ಓದುತ್ತಿದ್ದ ಹುಡುಗ ಈಗ ರಾತ್ರಿ 2ರವರೆಗೆ ಎಚ್ಚರ ಇರುತ್ತಾನೆ ಅಂದ್ರೆ ಅದು ಬರೀ ಸೋಮಾರಿತನ ಅಲ್ಲ. ಹದಿಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ಅನ್ನೋ ಹಾರ್ಮೋನ್ ರಾತ್ರಿ ತಡವಾಗಿ ಏರುತ್ತದೆ. ಅದರ ಮೇಲೆ ಅವನು ಸಂಜೆ ಕಾಫಿ ಬೇರೆ ಕುಡಿಯುತ್ತಾನೆ ಅಂತ ಬರೆದಿದ್ದೀರಿ. ನಮ್ಮ ಮಗಳೂ ಹೀಗೇ. ಎಸ್ಸೆಸ್ಸೆಲ್ಸಿವರೆಗೆ ಹಾಲು ಬಿಟ್ಟು ಬೇರೇನೂ ಮುಟ್ಟದವಳು, ಆರು ತಿಂಗಳಲ್ಲಿ ಸ್ಟ್ರಾಂಗ್ ಫಿಲ್ಟರ್ ಕಾಫಿ ಇಲ್ಲದೆ ಪುಸ್ತಕ ತೆರೆಯುತ್ತಿರಲಿಲ್ಲ.

ಮೊದಲು ಆ ಕಾಫಿ ನೋಡಿ. ಕುಡಿದು ಸುಮಾರು 5 ಗಂಟೆ ಆದರೂ ಅರ್ಧ ಕೆಫೀನ್ ಮೈಯಲ್ಲೇ ಇರುತ್ತದೆ. ಮಧ್ಯಾಹ್ನ 3ರ ಮೇಲೆ ಬೇಡ ಅನ್ನಿ. ಆಮೇಲೆ ಏಳುವ ಹೊತ್ತು ಗಟ್ಟಿ ಮಾಡಿ, ಮಲಗುವ ಹೊತ್ತಲ್ಲ. ಮೂರು ದಿನಕ್ಕೊಮ್ಮೆ 15 ನಿಮಿಷ ಬೇಗ ಎಬ್ಬಿಸಿ. ಭಾನುವಾರವೂ ಅಷ್ಟೇ, "ಪಾಪ, ಮಲಗಲಿ" ಅಂತ ಬಿಟ್ಟು ನಾವು ಎಡವಿದ್ದು ಅಲ್ಲೇ. ಎದ್ದ ಕೂಡಲೇ ಹೊರಗೆ ಬಿಸಿಲಿಗೆ ಕಳಿಸಿ, ಹಾಲು ತರೋಕಾದರೂ ಸರಿ. ರಾತ್ರಿ ಚಾರ್ಜರ್ ಹಾಲ್‌ನಲ್ಲಿರಲಿ. ನಿಮ್ಮ ಮೊಬೈಲ್ ಕೂಡ ಅಲ್ಲೇ, ಇಲ್ಲಾಂದ್ರೆ ಜಗಳ ಗ್ಯಾರಂಟಿ!

ಮತ್ತೆ 5 ಗಂಟೆಗೆ ಏಳ್ತಾನೆ ಅಂತ ಹೇಳಲಾರೆ. ನಮ್ಮವಳು ಆರೂವರೆಗೆ ನಿಂತಳು. ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು, ಅದನ್ನೂ ಲೆಕ್ಕಕ್ಕಿಡಿ. ಮೂರು ವಾರ ಆದರೂ ಬದಲಾಗದೆ, ಮಂಕಾಗಿ ಊಟವನ್ನೂ ಬಿಡುತ್ತಿದ್ದರೆ ಡಾಕ್ಟರಿಗೆ ತೋರಿಸಿ.